ಒಂದೇ ಅಂಗಳ, ಎರಡು ಡಿವಿಷನ್: ಗಡಿನಾಡಿನ ಹೈಸ್ಕೂಲಿನಲ್ಲಿ ಒಂದು ಸುತ್ತು

ಜೂನ್ ತಿಂಗಳ ಎರಡನೇ ವಾರ ಕಾಸರಗೋಡು ಕಡೆಯ ಯಾವುದೇ ಶಾಲೆಗೆ ಹೋಗಿ ನೋಡಿ. ಅಧ್ಯಾಪಕರ ಕೊಠಡಿಯಲ್ಲಿ ಮಾತು ಕಡಿಮೆ, ಎಣಿಕೆ ಹೆಚ್ಚು. ಹೊರಗೆ ಮಳೆ ಧೋ ಎಂದು ಸುರಿಯುತ್ತಿರುತ್ತದೆ. ಜಗಲಿಯ ಉದ್ದಕ್ಕೂ ಬಿಡಿಸಿಟ್ಟ ಕೊಡೆಗಳಿಂದ ನೀರು ಇಳಿದು ಸಿಮೆಂಟಿನ ನೆಲದಲ್ಲಿ ಸಣ್ಣ ತೋಡೇ ಹರಿಯುತ್ತಿರುತ್ತದೆ. "ಎಂಟನೇ ಎ-ಯಲ್ಲಿ ಎಷ್ಟಾಯ್ತು?" ಎಂದು ಒಬ್ಬರು ಕೇಳಿದರೆ, "ಇನ್ನೂ ಮೂರು ಬೇಕು ಮಾರಾಯ್ರೆ" ಎಂದು ಇನ್ನೊಬ್ಬರ ಉತ್ತರ. ಯಾರೋ ಒಬ್ಬ ಹುಡುಗನಿಗೆ ಜ್ವರವಂತೆ, ಅವನನ್ನು ಇವತ್ತು ಹೇಗಾದರೂ ಮಾಡಿ ಕರೆತರಬೇಕು. ಇನ್ನೊಬ್ಬಳ ಹೆಸರು ಪಕ್ಕದ ಶಾಲೆಯಿಂದ ಇನ್ನೂ ಬಿಟ್ಟು ಬಂದಿಲ್ಲವಂತೆ, ಅದಕ್ಕೆ ಫೋನು.

ಹೊರಗಿನವರಿಗೆ ಈ ಗಡಿಬಿಡಿ ಎಂತಕ್ಕೆಂದು ತಿಳಿಯಲಿಕ್ಕಿಲ್ಲ. ಕೇರಳದ ಶಾಲೆಗಳಲ್ಲಿ ಹೊಸ ವರ್ಷದ ಆರನೇ ಕೆಲಸದ ದಿನಕ್ಕೆ ಬಹಳ ಮಹತ್ವವುಂಟು. ಆ ದಿನ ತರಗತಿಯಲ್ಲಿ ಎಷ್ಟು ತಲೆಗಳಿವೆಯೋ ಅದರ ಮೇಲೆ ಆ ವರ್ಷ ಎಷ್ಟು ಡಿವಿಷನ್, ಎಷ್ಟು ಹುದ್ದೆ ಎಂಬುದು ತೀರ್ಮಾನವಾಗುತ್ತದೆ. ಹಿಂದೆಲ್ಲ ಶಿಕ್ಷಣ ಇಲಾಖೆಯ ಅಧಿಕಾರಿಗಳು ಖುದ್ದಾಗಿ ಬಂದು ತಲೆ ಎಣಿಸುತ್ತಿದ್ದರು. ಎಣಿಕೆಯ ದಿನಕ್ಕೆಂದು ಎಲ್ಲಿಂದಲೋ ಮಕ್ಕಳನ್ನು ಸಾಲ ತಂದು ಕೂರಿಸಿದ ಕಥೆಗಳನ್ನು ಹಳೆಯ ಮಾಸ್ತರರು ಈಗಲೂ ನಗುತ್ತ ಹೇಳುವುದುಂಟು. ಈಗ 'ಸಂಪೂರ್ಣ' ಎಂಬ ಕಂಪ್ಯೂಟರ್ ವ್ಯವಸ್ಥೆ ಇದೆ, ಆಧಾರ್ ಸಂಖ್ಯೆ ಇದೆ. ಸಾಲದ ಮಕ್ಕಳು ನಡೆಯುವುದಿಲ್ಲ. ನಿಗದಿಯಾದ ಸಂಖ್ಯೆಗಿಂತ ಕಡಿಮೆ ಬಿದ್ದರೆ ಡಿವಿಷನ್ ಹೋಯಿತು, ಅದರ ಹಿಂದೆಯೇ ಅಧ್ಯಾಪಕರ ಹುದ್ದೆಯೂ ಹೋಯಿತು. ಎಯ್ಡೆಡ್ ಶಾಲೆಯವರಾದರೆ 'ಪ್ರೊಟೆಕ್ಟೆಡ್' ಎಂಬ ಹಣೆಪಟ್ಟಿ ಅಂಟಿಸಿಕೊಂಡು ಎಲ್ಲಿ ಜಾಗ ಇದೆಯೋ ಅಲ್ಲಿಗೆ ಹೋಗಬೇಕು.

ಈ ಲೆಕ್ಕ ಎಲ್ಲ ಶಾಲೆಗಳಿಗೂ ಒಂದೇ. ಆದರೆ ಚಂದ್ರಗಿರಿ ಹೊಳೆಯ ಉತ್ತರಕ್ಕೆ ಬಂದರೆ ಇದಕ್ಕೆ ಇನ್ನೊಂದು ಅರ್ಥ ಬರುತ್ತದೆ. ಇಲ್ಲಿಯ ಎಷ್ಟೋ ಸರಕಾರಿ ಶಾಲೆಗಳಲ್ಲಿ ಒಂದೇ ಹಂಚಿನ ಸೂರಿನ ಕೆಳಗೆ ಎರಡು ಭಾಷೆಗಳ ಡಿವಿಷನ್ ಉಂಟು. ಎಂಟನೇ ಎ ಕನ್ನಡ, ಎಂಟನೇ ಬಿ ಮಲೆಯಾಳ. ಇತ್ತೀಚೆಗೆ ಸಿ ಎಂದು ಒಂದು ಇಂಗ್ಲಿಷ್ ಮಾಧ್ಯಮವೂ ಸೇರಿಕೊಂಡಿದೆ. ಗಂಟೆ ಒಂದೇ, ಬಾವಿ ಒಂದೇ, ಆಟದ ಬಯಲು ಒಂದೇ, ಹೆಡ್‌ಮಾಸ್ತರರು ಒಬ್ಬರೇ. ಬಿ-ಯಲ್ಲಿ ಒಂದು ಡಿವಿಷನ್ ಕಡಿಮೆಯಾದರೆ ಒಂದು ಕೊಠಡಿ ಖಾಲಿಯಾಯಿತೆಂದು ಲೆಕ್ಕ. ಎ-ಯಲ್ಲಿ ಇರುವುದೇ ಒಂದು. ಅದು ಹೋದರೆ ಆ ಶಾಲೆಯಲ್ಲಿ ಕನ್ನಡವೇ ಹೋದಂತೆ.

ಅಂಥ ಒಂದು ಶಾಲೆಯಲ್ಲಿ ಕಲಿತವನು ನಾನು. ಕುಂಬಳೆಯಿಂದ ಬದಿಯಡ್ಕ, ಮುಳ್ಳೇರಿಯ ಕಡೆಗೆ ಹೋಗುವ ಬಸ್ಸಿನಲ್ಲಿ ಕೂತರೆ ಸಿಗುತ್ತದೆ. ಹೆಸರು ಬೇಡ, ಇಲ್ಲಿ ಹೇಳುವ ಮಾತು ಆ ರಸ್ತೆಯ ಬೇರೆ ಶಾಲೆಗಳಿಗೂ ಹೊಂದುತ್ತದೆ.

ಊಟ ಆಯ್ತಾ?

ಮಧ್ಯಾಹ್ನದ ಗಂಟೆ ಬಾರಿಸಿದ ಮೇಲೆ ಜಗಲಿಯಲ್ಲಿ ಕಿವಿಗೊಟ್ಟು ನಿಂತರೆ ಸಾಕು, ಕಾಸರಗೋಡನ್ನು ಸಪ್ತಭಾಷೆಗಳ ನೆಲ ಎಂದು ಯಾಕೆ ಕರೆಯುತ್ತಾರೆಂದು ಯಾರೂ ವಿವರಿಸಬೇಕಾಗಿಲ್ಲ. "ವನಸಾಂಡಾ?" ಎಂದು ಒಬ್ಬ, "ಉಂಡಾತೋ?" ಎಂದು ಇನ್ನೊಬ್ಬ, "ಚೋರ್ ಬೆಯ್ಚಾ?" ಎಂದು ಮತ್ತೊಬ್ಬ. ತುಳು, ಹವ್ಯಕ ಕನ್ನಡ, ಇಲ್ಲಿಯ ಮಾಪ್ಪಿಳೆಯವರ ಮಲೆಯಾಳ. ಅತ್ತ ಕಡೆ ಕೊಂಕಣಿ, ಕರಾಡ ಮನೆಯವರ ಮರಾಠಿ, ಬ್ಯಾರಿ. ಕೇಳುವುದು ಮಾತ್ರ ಒಂದೇ ಪ್ರಶ್ನೆ. ಉತ್ತರ ಬೇಕಾದರೆ ಇನ್ನೊಂದು ಭಾಷೆಯಲ್ಲಿ ಬರುತ್ತದೆ, ಅದರಿಂದ ಯಾರಿಗೂ ತೊಂದರೆಯಿಲ್ಲ.

ಎಂಟನೇ ತರಗತಿಯವರೆಗೆ ಶಾಲೆಯಲ್ಲಿ ಬಿಸಿಯೂಟ ಉಂಟು. ಒಂಬತ್ತು, ಹತ್ತರವರು ಬುತ್ತಿ ತರಬೇಕು. ಹಾಗೆಂದು ಯಾರೂ ಆ ಗೆರೆಯನ್ನು ಅಷ್ಟು ಕಟ್ಟುನಿಟ್ಟಾಗಿ ಪಾಲಿಸಿದ್ದು ನಾನು ಕಂಡಿಲ್ಲ. ತಮ್ಮನ ಬಟ್ಟಲಿಂದ ಅಕ್ಕನಿಗೆ ಸಾಂಬಾರು ಹೋಗುತ್ತದೆ, ಅಕ್ಕನ ಬುತ್ತಿಯಿಂದ ತಮ್ಮನಿಗೆ ಮೀನು ಬರುತ್ತದೆ. ಉಪವಾಸದ ತಿಂಗಳಲ್ಲಿ ವ್ರತ ಹಿಡಿದ ಮಕ್ಕಳು ಬಯಲಿನ ಆ ತುದಿಯ ಮರದ ಕೆಳಗೆ ಕೂತಿರುತ್ತಾರೆ. ಉಂಡು ಮುಗಿಸಿದವರು ಕೈ ತೊಳೆದು ಅಲ್ಲಿಗೇ ಹೋಗುತ್ತಾರೆ. ಹೀಗೆ ಮಾಡಬೇಕೆಂದು ಯಾವ ಟೀಚರೂ ಹೇಳಿಕೊಟ್ಟದ್ದಲ್ಲ.

ಇಲ್ಲಿ ಒಂದು ಮಾತನ್ನು ಬೆಂಗಳೂರಿನ ಓದುಗರು ಸ್ವಲ್ಪ ನಿಂತು ಗಮನಿಸಬೇಕು. ಕನ್ನಡ ಡಿವಿಷನ್ ಎಂದ ಕೂಡಲೇ ಮನೆಯಲ್ಲಿ ಕನ್ನಡ ಮಾತಾಡುವ ಮಕ್ಕಳು ಎಂದು ನೀವು ಎಣಿಸಬಹುದು. ಹಾಗಲ್ಲ. ಎ ಡಿವಿಷನ್‌ನ ಬೆಂಚುಗಳಲ್ಲಿ ಕೂತವರು ಮನೆಯಲ್ಲಿ ತುಳುವರು, ಕೊಂಕಣಿಯವರು, ಮರಾಠಿಯವರು, ಬ್ಯಾರಿಗಳು. ಹವ್ಯಕರ ಮನೆಮಾತು ಕನ್ನಡದ ಒಂದು ಬಗೆ ನಿಜ, ಆದರೆ ಪುಸ್ತಕದ ಕನ್ನಡಕ್ಕೂ ಅದಕ್ಕೂ ದೂರವುಂಟು. ಅಂದರೆ ಇವರೆಲ್ಲರಿಗೂ ಕನ್ನಡ ಎಂಬುದು ಶಾಲೆಯಲ್ಲಿ ಸಿಕ್ಕಿದ ಭಾಷೆ. ಯಕ್ಷಗಾನದ ಬಯಲಿನಲ್ಲಿ, ಭಜನೆಯಲ್ಲಿ, ಮಂಗಳೂರಿನ ಪತ್ರಿಕೆಯಲ್ಲಿ ಅದು ಮೊದಲೇ ಕಿವಿಗೆ, ಕಣ್ಣಿಗೆ ಬಿದ್ದಿರುತ್ತದೆ. ಓದುವುದು, ಬರೆಯುವುದು, ಕಾಗದ ಬರೆದು ಸರಕಾರವನ್ನು ಕೇಳುವುದು ಶಾಲೆಯಿಂದಲೇ. ತುಮಕೂರಿನಲ್ಲೋ ಹಾವೇರಿಯಲ್ಲೋ ಒಂದು ಕನ್ನಡ ಶಾಲೆ ಮುಚ್ಚಿದರೂ ಮನೆಯಲ್ಲಿ ಕನ್ನಡ ಉಳಿಯುತ್ತದೆ. ಇಲ್ಲಿ ಹಾಗೆ ಹೇಳುವ ಧೈರ್ಯ ನನಗಿಲ್ಲ.

ಎರಡು ನವೆಂಬರ್ ಒಂದು

ಹಳೆಯ ಕಥೆಯನ್ನು ಚುಟುಕಾಗಿ ಹೇಳಿ ಮುಗಿಸುತ್ತೇನೆ, ಈ ಪುಟದ ಓದುಗರಿಗೆ ಅದು ಬಾಯಿಪಾಠ. 1956ರ ಅಕ್ಟೋಬರ್ 31ರವರೆಗೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. ಮರುದಿನದಿಂದ ಕೇರಳ. ಚಂದ್ರಗಿರಿಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು ಮಹಾಜನ ಆಯೋಗ 1967ರಲ್ಲಿ ಹೇಳಿತು. ಹೇಳಿದ್ದು ಕಾಗದದಲ್ಲಿ ಉಳಿಯಿತು. 1984ರಲ್ಲಿ ಕಾಸರಗೋಡೇ ಒಂದು ಜಿಲ್ಲೆಯಾಯಿತು. ಭಾಷಾ ಅಲ್ಪಸಂಖ್ಯಾತರಾದ ಕನ್ನಡಿಗರೂ ತಮಿಳರೂ ಸರಕಾರದೊಡನೆ ತಮ್ಮ ಭಾಷೆಯಲ್ಲೇ ವ್ಯವಹರಿಸಬಹುದು ಎಂಬ ಮಾತು ಕೇರಳದ 1969ರ ಆಡಳಿತ ಭಾಷಾ ಕಾಯ್ದೆಯಲ್ಲೇ ಉಂಟು.

ಶಾಲೆಯ ಮಟ್ಟಿಗೆ ಈ ಚರಿತ್ರೆಯೆಲ್ಲ ವರ್ಷಕ್ಕೊಂದು ದಿನ ಅಂಗಳಕ್ಕೆ ಇಳಿಯುತ್ತದೆ. ನವೆಂಬರ್ ಒಂದರಂದು ಕೇರಳಕ್ಕೆ 'ಕೇರಳಪ್ಪಿರವಿ', ಕರ್ನಾಟಕಕ್ಕೆ ರಾಜ್ಯೋತ್ಸವ. ಬೆಳಗ್ಗೆ ಟೀಚರುಗಳು, ದೊಡ್ಡ ಹುಡುಗಿಯರು ಬಂಗಾರದ ಅಂಚಿನ ಬಿಳಿ ಸೀರೆ ಉಟ್ಟು ಬರುತ್ತಾರೆ. ಕನ್ನಡ ಡಿವಿಷನ್‌ನ ಹುಡುಗಿಯರೂ ಉಡುತ್ತಾರೆ, ಸೀರೆ ಚಂದ ಕಾಣುತ್ತದಲ್ಲ! ಅಸೆಂಬ್ಲಿಯಲ್ಲಿ ಮಲೆಯಾಳದ ಭಾಷಾ ಪ್ರತಿಜ್ಞೆ. ಆ ಹೊತ್ತಿಗೆ ಎ ಡಿವಿಷನ್‌ನ ಸಾಲು ಏನು ಮಾಡಬೇಕು? ನನ್ನ ಕಾಲದಲ್ಲಿ ನಾವು ಸುಮ್ಮನೆ ನಿಂತು ಕಾಲಿನಿಂದ ಮಣ್ಣು ಕೆದಕುತ್ತಿದ್ದೆವು. ಕಂದಾಯ ಇಲಾಖೆಯ ಗಡಿಕಲ್ಲಿನ ಹಾಗೆ ನಿಂತಿದ್ದೆವು ಎಂದರೂ ಸರಿಯೇ.

ಒಂದು ವರ್ಷ ಮಲೆಯಾಳದ ಮಾಷ್ ಒಬ್ಬರು ಇದನ್ನು ಗಮನಿಸಿದರು. ಮರುವರ್ಷ ಅಧ್ಯಾಪಕರ ಸಭೆಯಲ್ಲಿ, ಮಲೆಯಾಳದ ಪ್ರತಿಜ್ಞೆ ಆದ ಕೂಡಲೇ ಕನ್ನಡದ ಮಕ್ಕಳು ಕನ್ನಡದಲ್ಲಿ ನಾಡಿನ ಹಾಡು ಹೇಳಲಿ, ಆಗ ನಮ್ಮ ಮಕ್ಕಳು ಸುಮ್ಮನೆ ನಿಂತು ಕೇಳಲಿ ಎಂದು ಅವರೇ ಹೇಳಿದರಂತೆ. ಹಾಡು ನಡೆಯಿತು. ಅದಕ್ಕೆ ದೊಡ್ಡ ಗೌಜಿಯೇನೂ ಆಗಲಿಲ್ಲ, ಪತ್ರಿಕೆಯಲ್ಲಿ ಸುದ್ದಿಯೂ ಬರಲಿಲ್ಲ. ಆದರೆ ಮಣ್ಣು ಕೆದಕುವುದು ಅಂದಿಗೆ ನಿಂತಿತು.

ಇಂಥ ನಡವಳಿಕೆ ಈ ಮಣ್ಣಿಗೆ ಹೊಸತಲ್ಲ. ಪೆರಡಾಲದ ನವಜೀವನ ಹೈಸ್ಕೂಲಿನಲ್ಲಿ ಬಹುಕಾಲ ಅಧ್ಯಾಪಕರಾಗಿದ್ದ ಕಯ್ಯಾರ ಕಿಞ್ಞಣ್ಣ ರೈಗಳನ್ನು (1915–2015) ನೆನೆಯಿರಿ. ಕಾಸರಗೋಡು ಕರ್ನಾಟಕಕ್ಕೆ ಸೇರಬೇಕೆಂದು ಜೀವನವಿಡೀ ಹೋರಾಡಿದವರು. ಮಲೆಯಾಳದ ಮಹಾಕವಿ ಕುಮಾರನ್ ಆಶಾನರ ಕಾವ್ಯವನ್ನು ಕನ್ನಡಕ್ಕೆ ತಂದವರೂ ಅವರೇ. ನೆಲದ ಹಕ್ಕಿನ ಜಗಳ ಬೇರೆ, ನೆರೆಯವನ ಪುಸ್ತಕ ಬೇರೆ ಎಂದು ಅವರಿಗೆ ಗೊತ್ತಿತ್ತು. ಇನ್ನು ನಿರಂಜನರು ಬಾಲ್ಯದಲ್ಲಿ ಕಲಿತದ್ದು ನೀಲೇಶ್ವರದ ಹೈಸ್ಕೂಲಿನಲ್ಲಿ. ಕಯ್ಯೂರಿನ ರೈತರ ಹೋರಾಟವನ್ನು 'ಚಿರಸ್ಮರಣೆ'ಯಾಗಿ ಕನ್ನಡದಲ್ಲಿ ಬರೆದರು, ಅದು ಮಲೆಯಾಳಕ್ಕೂ ಹೋಗಿ ಅಲ್ಲಿಯ ಮನೆಮಾತಾಯಿತು.

ಮಲೆಯಾಳ ಲಿಪಿಯ ಯಕ್ಷಗಾನ

ಡಿವಿಷನ್ ಗೋಡೆ ಪೂರ್ತಿಯಾಗಿ ಬಿದ್ದುಹೋಗುವ ಒಂದು ಕಾಲ ವರ್ಷದಲ್ಲಿ ಬರುತ್ತದೆ. ಅದು ಕಲೋತ್ಸವದ ಕಾಲ. 1957ರಲ್ಲಿ ಶುರುವಾದ ಕೇರಳ ಶಾಲಾ ಕಲೋತ್ಸವ ಈಗ ಎಷ್ಟು ದೊಡ್ಡದಾಗಿದೆ ಎಂದರೆ ಕರ್ನಾಟಕದ ನಮ್ಮ ನೆಂಟರಿಗೆ ಹೇಳಿದರೆ ನಂಬುವುದಿಲ್ಲ. ಶಾಲೆ, ಉಪಜಿಲ್ಲೆ, ಜಿಲ್ಲೆ ದಾಟಿ ರಾಜ್ಯಮಟ್ಟಕ್ಕೆ ಹೋಗಬೇಕು. 2019ರಲ್ಲಿ ಅರುವತ್ತನೆಯದು ನಮ್ಮ ಕಾಞಂಗಾಡಿನಲ್ಲೇ ನಡೆಯಿತು. ಇದರಲ್ಲಿ ಕನ್ನಡ ಭಾಷಣ, ಕನ್ನಡ ಕವಿತಾ ವಾಚನ ಉಂಟು. ಯಕ್ಷಗಾನವೂ ಉಂಟು. ಪಾರ್ತಿಸುಬ್ಬನ ಕುಂಬಳೆ ಸೀಮೆಯ ಮಕ್ಕಳಿಗೆ ಅದು ಮನೆಯ ಅಂಗಳದ ಕಲೆ.

ತಂಡಕ್ಕೆ ಮಕ್ಕಳನ್ನು ಆರಿಸುವಾಗ ಭಾಗವತರು ಎ-ಯೋ ಬಿ-ಯೋ ಎಂದು ಕೇಳುವುದಿಲ್ಲ. ಕಾಲಿನಲ್ಲಿ ತಾಳ ಉಂಟೋ ಎಂದು ನೋಡುತ್ತಾರೆ. ಹೀಗಾಗಿ ಮನೆಯಲ್ಲಿ ಮಲೆಯಾಳ ಮಾತ್ರ ಆಡುವ ಹುಡುಗಿ ಅಭಿಮನ್ಯುವಾಗುತ್ತಾಳೆ. ಅರ್ಥ ಹೇಳಬೇಕಲ್ಲ, ಅದೂ ಯಕ್ಷಗಾನದ ಕನ್ನಡದಲ್ಲಿ! ಅವಳ ಕೈಯಲ್ಲಿರುವ ಹಾಳೆಯನ್ನು ನೋಡಿದರೆ ಕನ್ನಡದ ಮಾತೆಲ್ಲ ಮಲೆಯಾಳ ಲಿಪಿಯಲ್ಲಿ. ಪಕ್ಕದಲ್ಲಿ ಕೂತ ಎ ಡಿವಿಷನ್‌ನ ಗೆಳತಿ ಉಚ್ಚಾರ ತಿದ್ದುತ್ತಾಳೆ. "'ಹ' ಹೇಳು ಮಾರಾಯ್ತಿ, ಹೊಟ್ಟೆಯಿಂದ ಹೇಳು!" ಅದೇ ಗೆಳತಿ ಮರುದಿನ ಒಪ್ಪನದ ತಂಡದಲ್ಲಿ ಮದುಮಗಳ ಸುತ್ತ ಕೈತಟ್ಟಿ ಕುಣಿಯುತ್ತಾಳೆ. ಅವಳ ಹಾಡು ಕನ್ನಡ ಲಿಪಿಯಲ್ಲಿ ಬರೆದಿರುತ್ತದೆ. ಬಹುಮಾನ ಬಂದರೆ ಇಡೀ ಶಾಲೆಗೆ ಬಂತು. ಬರದಿದ್ದರೆ ತೀರ್ಪುಗಾರರಿಗೆ ಬೈಗುಳ, ಅದೂ ಎಲ್ಲ ಏಳು ಭಾಷೆಗಳಲ್ಲಿ.

ಹುಡುಗ ಹುಡುಗಿಯರ ವಿಷಯ ಹೇಳುವುದಾದರೆ, ಹಳ್ಳಿಯ ಕಡೆಯ ಈ ಶಾಲೆಗಳಲ್ಲಿ ಅವರು ಮೊದಲಿನಿಂದಲೂ ಒಟ್ಟಿಗೇ. ಗಂಡುಮಕ್ಕಳಿಗೊಂದು, ಹೆಣ್ಣುಮಕ್ಕಳಿಗೊಂದು ಬೇರೆ ಶಾಲೆ ಎಂಬುದು ಬೇಡವೆಂದು ಕೇರಳದ ಮಕ್ಕಳ ಹಕ್ಕುಗಳ ಆಯೋಗ 2022ರ ಜುಲೈಯಲ್ಲಿ ಹೇಳಿದಾಗ ಇಲ್ಲಿಯವರಿಗೆ ಅದು ಹೊಸ ಸುದ್ದಿಯೆನಿಸಲಿಲ್ಲ. ಸರ್, ಮೇಡಂ ಬೇಡ, ಎಲ್ಲರನ್ನೂ 'ಟೀಚರ್' ಎಂದೇ ಕರೆಯಿರಿ ಎಂದು ಅದೇ ಆಯೋಗ 2023ರ ಜನವರಿಯಲ್ಲಿ ಸೂಚಿಸಿತು. ಮಕ್ಕಳಿಗೆ ಮಾತ್ರ ಕನ್ನಡದವರು ಮಾಸ್ಟ್ರು, ಮಲೆಯಾಳದವರು ಮಾಷ್. ಅದನ್ನು ಯಾವ ಆಯೋಗವೂ ಬದಲಿಸಲಾರದೆಂದು ನನ್ನ ನಂಬಿಕೆ.

ಆರಂ ಎಂದರೆ ಆರೇ?

ಇಷ್ಟು ಹೇಳಿದ ಮೇಲೆ ಎಲ್ಲವೂ ಜೇನು ಸಕ್ಕರೆ ಎಂದು ತಿಳಿಯಬೇಡಿ. ಅಂಗಳದಲ್ಲಿ ಇರುವ ಸೌಖ್ಯ ತರಗತಿಯೊಳಗೆ ಬಂದಾಗ ಕೆಡುವುದುಂಟು.

ಕನ್ನಡ ಮಾಧ್ಯಮದ ಹುದ್ದೆಗಳಿಗೆ ಕೇರಳದ ಲೋಕಸೇವಾ ಆಯೋಗ ಬೇರೆಯೇ ಪಟ್ಟಿ ಮಾಡುತ್ತದೆ. ಕಾಗದದಲ್ಲಿ ಕನ್ನಡ ಬಲ್ಲವರೇ ಬರಬೇಕು. ಆದರೆ ಕೆಲವೊಮ್ಮೆ ನೇಮಕದ ಆದೇಶ ಹಿಡಿದು ಬಂದವರಿಗೆ ಕನ್ನಡದ ಅಕ್ಷರವೂ ಸರಿಯಾಗಿ ಬಾರದೆಂದು ಮೊದಲ ಪೀರಿಯಡ್‌ನಲ್ಲೇ ಬಯಲಾಗುತ್ತದೆ. ಕಳೆದ ಕೆಲವು ವರ್ಷಗಳಲ್ಲಿ ಜಿಲ್ಲೆಯ ಒಂದಲ್ಲ, ಹಲವು ಶಾಲೆಗಳ ಮುಂದೆ ಇದೇ ಕಾರಣಕ್ಕೆ ಮಕ್ಕಳೂ ಪೋಷಕರೂ ಧರಣಿ ಕೂತದ್ದಾಯಿತು. ರಿಷಬ್ ಶೆಟ್ಟರ 'ಸರಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು' ಸಿನಿಮಾ 2018ರಲ್ಲಿ ತೆರೆಕಂಡಾಗ ಬೆಂಗಳೂರಿನ ಟಾಕೀಸಿನಲ್ಲಿ ಜನ ನಕ್ಕರು, ಚಪ್ಪಾಳೆ ತಟ್ಟಿದರು. ಮಕ್ಕಳ ಚಿತ್ರವೆಂದು ಅದಕ್ಕೆ ರಾಷ್ಟ್ರಪ್ರಶಸ್ತಿಯೂ ಬಂತು. ಇಲ್ಲಿಯ ಪ್ರೇಕ್ಷಕರೂ ನಕ್ಕರು, ಆದರೆ ಅವರಿಗದು ನಿನ್ನೆ ಮೊನ್ನೆಯ ಸಂಗತಿಯಾಗಿತ್ತು.

ಲೆಕ್ಕಕ್ಕೆ ಭಾಷೆ ಎಂತಕ್ಕೆ ಎಂದು ಕೇಳುವವರುಂಟು. ಒಂದು ಉದಾಹರಣೆ ಕೊಡುತ್ತೇನೆ. ಜ್ಯಾಮಿತಿಯಲ್ಲಿ 'ವ್ಯಾಸ' ಎರಡೂ ಭಾಷೆಗೆ ಒಂದೇ. ಆದರೆ ಕನ್ನಡದ 'ತ್ರಿಜ್ಯ' ಮಲೆಯಾಳದಲ್ಲಿ 'ಆರಂ'. ಮಾಷ್ ಹಲಗೆಯ ಮೇಲೆ ವೃತ್ತ ಬರೆದು "ಆರಂ, ಆರಂ" ಎಂದು ಹೇಳುತ್ತಾ ಹೋದರೆ ಕನ್ನಡದ ಹುಡುಗ ನೋಟ್ ಪುಸ್ತಕದಲ್ಲಿ 6 ಎಂದು ಬರೆದುಕೊಂಡರೆ ತಪ್ಪು ಯಾರದ್ದು? ಹುಡುಗ ಮನೆಗೆ ಹೋಗಿ "ಲೆಕ್ಕ ತಲೆಗೆ ಹೋಗುವುದಿಲ್ಲ" ಎನ್ನುತ್ತಾನೆ. ಅಪ್ಪ ಅವನ ತಲೆಯನ್ನೇ ದೂರುತ್ತಾನೆ. ಸಮಾಜ ಪಾಠದಲ್ಲಾದರೆ ಇನ್ನೂ ಕಷ್ಟ, ಅಲ್ಲಿ ಹಲಗೆಯ ಮೇಲೆ ಬರೆದು ತೋರಿಸಲಿಕ್ಕೂ ಏನಿಲ್ಲ.

ಬಂದ ಅಧ್ಯಾಪಕರದ್ದೂ ಸುಖದ ಬದುಕಲ್ಲ ಎನ್ನುವುದನ್ನು ಹೇಳದಿದ್ದರೆ ಅನ್ಯಾಯವಾದೀತು. ದಕ್ಷಿಣದ ಯಾವುದೋ ಜಿಲ್ಲೆಯಿಂದ ರಾತ್ರಿಯ ರೈಲು ಹತ್ತಿ, ಎಷ್ಟೋ ವರ್ಷ ಕಾದು ಸಿಕ್ಕಿದ ಸರಕಾರಿ ಕೆಲಸಕ್ಕೆ ಸೇರಲು ಬರುತ್ತಾರೆ. ಹೆಂಡತಿ ಮಕ್ಕಳು ಅಲ್ಲಿ, ಇವರು ಇಲ್ಲಿ ಬಾಡಿಗೆ ಕೋಣೆಯಲ್ಲಿ. ತರಗತಿಗೆ ಹೋದರೆ ಮಕ್ಕಳು ನಗುತ್ತವೆ, ಗೇಟಿನಲ್ಲಿ ಜನ ಕೂಗುತ್ತಾರೆ. ಅವರಲ್ಲಿ ಕೆಲವರು ವರ್ಗ ಮಾಡಿಸಿಕೊಂಡು ಹೋದರು. ಕೆಲವರು ಕಲಿತರು. ಸಂಜೆ ಮಕ್ಕಳನ್ನೇ ಕೂರಿಸಿಕೊಂಡು ಒಂದನೇ ತರಗತಿಯ ಪುಸ್ತಕದಿಂದ ಶುರುಮಾಡಿ ಕನ್ನಡ ಕಲಿತ ಮಾಷ್ ಒಬ್ಬರು ನನಗೆ ಗೊತ್ತು. ಎರಡು ವರ್ಷದ ಮೇಲೆ ಅವರ ಕನ್ನಡದಲ್ಲಿ ತುಳುವಿನ ರಾಗ ಬಂದಿತ್ತು. ಆ ಎರಡು ವರ್ಷದಲ್ಲಿ ಹತ್ತನೇ ತರಗತಿ ದಾಟಿ ಹೋದ ಮಕ್ಕಳ ಗತಿ ಏನು ಎಂದು ಕೇಳಿದರೆ ಅವರೂ ಉತ್ತರ ಹೇಳದೆ ಸುಮ್ಮನಾಗುತ್ತಾರೆ. ತಪ್ಪು ಅವರದ್ದಲ್ಲ. ಅವರನ್ನು ಆ ಹಲಗೆಯ ಮುಂದೆ ನಿಲ್ಲಿಸಿದವರದ್ದು.

ಇದರ ಮೇಲೆ ಕಾಯ್ದೆಗಳ ಗದ್ದಲ. ಎಲ್ಲ ಶಾಲೆಗಳಲ್ಲೂ ಹತ್ತನೇ ತರಗತಿಯವರೆಗೆ ಮಲೆಯಾಳ ಕಡ್ಡಾಯ ಎಂಬ ಕಾನೂನು 2017ರಲ್ಲಿ ಬಂದಾಗ ಕಾಸರಗೋಡಿನ ಕನ್ನಡಿಗರು ಬೀದಿಗಿಳಿದರು. 2025ರ ಅಕ್ಟೋಬರಿನಲ್ಲಿ ಕೇರಳ ವಿಧಾನಸಭೆ ಮಲೆಯಾಳ ಭಾಷಾ ಮಸೂದೆಯನ್ನು ಅಂಗೀಕರಿಸಿದಾಗ ಮತ್ತೆ ಅದೇ ಆತಂಕ. ಕನ್ನಡ ಡಿವಿಷನ್‌ನ ಮಕ್ಕಳಿಗೆ ಮಲೆಯಾಳ ಬೇಡವೇ ಎಂದು ತಿರುವನಂತಪುರದವರು ಕೇಳುತ್ತಾರೆ. ಬೇಡ ಎಂದವರು ಯಾರು? ವಾಲಿಬಾಲಿನ ಬಯಲಿನಲ್ಲಿ, ಬಸ್ಸಿನಲ್ಲಿ, ಮೀನು ಮಾರ್ಕೆಟಿನಲ್ಲಿ ನಮ್ಮ ಮಕ್ಕಳು ಕಲಿತ ಮಲೆಯಾಳವನ್ನು ಕೇಳಿ ನೋಡಲಿ. ಹತ್ತನೇ ತರಗತಿಯ ಪರೀಕ್ಷೆಗೆ ಈಗಲೇ ಕನ್ನಡದ ಎರಡು ಪತ್ರಿಕೆ, ಇಂಗ್ಲಿಷ್, ಹಿಂದಿ, ಅದರ ಮೇಲೆ ವಿಜ್ಞಾನ, ಗಣಿತ, ಸಮಾಜ, ಕಂಪ್ಯೂಟರು. ಹೊಸದೊಂದು ಒಳಗೆ ಬಂದರೆ ಹೊರಗೆ ಹೋಗುವ ಪೀರಿಯಡ್ ಯಾವುದು? ಹೆದರಿಕೆ ಇರುವುದು ಅಲ್ಲಿ.

ರಸ್ತೆಗೆ ಮಣ್ಣು ಬಿದ್ದ ವರ್ಷ

2020ರ ಮಾರ್ಚ್ ತಿಂಗಳನ್ನು ಇಲ್ಲಿ ಯಾರೂ ಮರೆಯುವುದಿಲ್ಲ. ಕೊರೋನ ಬಂತೆಂದು ಕರ್ನಾಟಕ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿತು. ತಲಪಾಡಿಯಾಚೆಯ ಮಂಗಳೂರಿನ ಆಸ್ಪತ್ರೆಗಳೇ ಆಸರೆಯಾಗಿದ್ದ ಜನ ಈಚೆ ಕಡೆಯಲ್ಲಿ ಉಳಿದರು. ಕನ್ನಡ ಕನ್ನಡ ಎಂದು ಅಷ್ಟು ವರ್ಷ ಮಂಗಳೂರಿನ ಕಡೆಗೆ ಮುಖ ಮಾಡಿ ಕೂತಿದ್ದವರಿಗೆ ಅದು ಬಲವಾದ ಪೆಟ್ಟು. "ಈಗ ಹೇಳಿ, ನಿಮ್ಮವರು ಯಾರು?" ಎಂದು ನೆರೆಯವರು ತಮಾಷೆಗೆ ಕೇಳಿದರೂ ನಗು ಬರುತ್ತಿರಲಿಲ್ಲ.

ಜೂನ್ ಒಂದಕ್ಕೆ ಶಾಲೆಯ ಗಂಟೆ ಟಿ.ವಿ.ಯಲ್ಲಿ ಬಾರಿಸಿತು. ಸರಕಾರದ ವಿಕ್ಟರ್ಸ್ ವಾಹಿನಿಯಲ್ಲಿ ಪಾಠ, ಮಲೆಯಾಳದಲ್ಲಿ. ಕನ್ನಡ ಡಿವಿಷನ್‌ನ ಮಕ್ಕಳು ಅರ್ಧ ಅರ್ಥವಾಗಿ ಅರ್ಧ ಆಗದೆ ನೋಡಿದರು. ಆಗ ಈ ಭಾಗದ ಕನ್ನಡ ಅಧ್ಯಾಪಕರು ಮೊಬೈಲು ಹಿಡಿದು ಕನ್ನಡದಲ್ಲಿ ಪಾಠ ಚಿತ್ರಿಸತೊಡಗಿದರು. ಅಡುಗೆಮನೆಯ ಗೋಡೆಗೆ ಕಪ್ಪು ಬಟ್ಟೆ ಕಟ್ಟಿ ಹಲಗೆ ಮಾಡಿಕೊಂಡವರಿದ್ದರು. ಹಿನ್ನೆಲೆಯಲ್ಲಿ ಕೋಳಿ ಕೂಗುವ ಪಾಠಗಳೂ ಬಂದವು. ಸಿಗ್ನಲ್ ಸಿಗದ ಕಡೆ ಮಕ್ಕಳು ಗುಡ್ಡ ಹತ್ತಿ ಕೂತು ನೋಡಿದರು. ಆ ಗುಡ್ಡದಲ್ಲೂ ಎ, ಬಿ ಎರಡೂ ಡಿವಿಷನ್‌ನವರು ಇದ್ದರು. ಒಂದು ಫೋನಿಗೆ ನಾಲ್ಕು ತಲೆ.

ಮಾವ ಹೇಳಿದ್ದು

ಹಾಗಾದರೆ ಎಂಟನೇ ಎ-ಯಲ್ಲಿ ಮೂರು ತಲೆ ಕಡಿಮೆ ಬಿದ್ದದ್ದು ಯಾಕೆ? ಮಲೆಯಾಳದವರು ಕಸಿದುಕೊಂಡರೆಂದು ವೇದಿಕೆಯ ಮೇಲೆ ಹೇಳಿದರೆ ಚಪ್ಪಾಳೆ ಬೀಳುತ್ತದೆ. ನಾನು ನೋಡಿದ ಮಟ್ಟಿಗೆ ಆ ಮೂವರಲ್ಲಿ ಒಬ್ಬಳು ಅದೇ ಶಾಲೆಯ ಸಿ ಡಿವಿಷನ್‌ನಲ್ಲಿ ಇಂಗ್ಲಿಷಿನಲ್ಲಿ ಕೂತಿದ್ದಾಳೆ. ಇನ್ನಿಬ್ಬರು ಹಳದಿ ವ್ಯಾನು ಹತ್ತಿ ಪೇಟೆಯ ಶಾಲೆಗೆ ಹೋಗುತ್ತಾರೆ. ಅವರ ಅಪ್ಪಂದಿರಲ್ಲಿ ಒಬ್ಬರು ಕನ್ನಡ ಸಂಘದಲ್ಲಿ ಪದಾಧಿಕಾರಿ ಬೇರೆ. ನಾನು ಅವರನ್ನು ಮಾವ ಎಂದೇ ಕರೆಯುವುದು. ಕೇಳಿಯೇ ಬಿಟ್ಟೆ.

"ಎಂತ ಮಾಡುವುದು ಮಾರಾಯ? ಪ್ಲಸ್ ಟುಗೆ ಬಂದರೆ ಪುಸ್ತಕವೆಲ್ಲ ಇಂಗ್ಲಿಷು. ಹತ್ತು ವರ್ಷ ಕನ್ನಡದಲ್ಲಿ ಓದಿ ಹನ್ನೊಂದಕ್ಕೆ ಹೋದ ನಮ್ಮ ಅಣ್ಣನ ಮಗ ಮೂರು ತಿಂಗಳು ಬಾಯಿ ಬಿಡ್ಲಿಲ್ಲ. ಮಕ್ಕಳ ಮೇಲೆ ನಾನು ಭಾಷೆಯ ಹೊರೆ ಹಾಕುವುದಾ?"

ಮಾವನ ಮಾತನ್ನು ತಳ್ಳಿಹಾಕಲು ನನ್ನಿಂದಾಗಲಿಲ್ಲ. ಕರ್ನಾಟಕದ ಸಿ.ಇ.ಟಿ.ಯಲ್ಲಿ ಗಡಿನಾಡ ಕನ್ನಡಿಗರೆಂದು ಅರ್ಜಿ ಹಾಕುವ ದಾರಿ ಉಂಟು, ಮಂಗಳೂರಿನ ಕಾಲೇಜುಗಳಿಗೆ ಹೋದವರು ಎಷ್ಟೋ ಮಂದಿ ಇದ್ದಾರೆ ಎಂದೆ. "ಅದು ಎಲ್ಲರಿಗೂ ಗೊತ್ತುಂಟಾ? ಶಾಲೆಗೆ ಬಂದು ಹೇಳಿದವರು ಯಾರಾದರೂ ಇದ್ದಾರಾ?" ಎಂದರು. ಅದೂ ಸರಿಯೇ. ರಾಜ್ಯೋತ್ಸವಕ್ಕೆ ಶಾಲು ಹೊದಿಸಲು ಬರುವ ಬೆಂಗಳೂರಿನ ಕಾರುಗಳು ಜೂನ್ ತಿಂಗಳಲ್ಲಿ ಇತ್ತ ಬಂದದ್ದನ್ನು ನಾನೂ ಕಂಡಿಲ್ಲ.

ಒಂದು ಮಾತನ್ನು ಮಾತ್ರ ಮಾವನಿಗೆ ಹೇಳಿ ಬಂದೆ. ವ್ಯಾನಿನಲ್ಲಿ ಹೋಗುವ ಮಗನಿಗೆ ಇಂಗ್ಲಿಷು ಬಂದೀತು. ಆದರೆ ಅವನ ತರಗತಿಯಲ್ಲಿ ಫೀಸು ಕಟ್ಟಬಲ್ಲ ಮನೆಯ ಮಕ್ಕಳೇ ಇರುತ್ತಾರೆ. ನಮ್ಮ ಸರಕಾರಿ ಶಾಲೆಯಲ್ಲಿ ಅಡಿಕೆ ತೋಟದ ಯಜಮಾನರ ಮಗಳೂ ಆ ತೋಟದಲ್ಲಿ ಕೆಲಸ ಮಾಡುವವರ ಮಗನೂ ಒಂದೇ ಬೆಂಚು. ಗಲ್ಫಿನಲ್ಲಿ ಅಪ್ಪ ಇರುವವನೂ ಬೀಡಿ ಕಟ್ಟುವ ಅಮ್ಮನ ಮಗಳೂ ಒಂದೇ ಸಾಲು. ಮಾವ ನಕ್ಕರು. "ನೀನು ಓದಿದ್ದು ಅಲ್ಲಿ ಅಲ್ವಾ, ಹಾಗೆ ಹೇಳ್ತಿ" ಎಂದು ಎಲೆಯಡಿಕೆ ತಟ್ಟೆ ಮುಂದಿಟ್ಟರು.

ಎಣಿಕೆಯ ದಿನ ಸಂಜೆಗೆ ಎಂಟನೇ ಎ ಉಳಿಯಿತು. ಜ್ವರದ ಹುಡುಗ ಬಂದ, ಹೆಸರು ಬಿಡಿಸಬೇಕಾಗಿದ್ದ ಹುಡುಗಿಯದ್ದು ಮಧ್ಯಾಹ್ನಕ್ಕೆ ಸರಿಯಾಯಿತು. ಮೂರನೆಯವನು ಬಿ ಡಿವಿಷನ್‌ನಿಂದ ಬಂದವನು. ಮನೆಮಾತು ಬ್ಯಾರಿ, ಏಳನೆಯವರೆಗೆ ಕನ್ನಡದಲ್ಲೇ ಓದಿದವನು. ಗೆಳೆಯರೆಲ್ಲ ಹೋದರೆಂದು ಮಲೆಯಾಳದ ಕಡೆ ಕೂತಿದ್ದನಂತೆ. ಅವನ ಉಮ್ಮನೇ ಮಳೆಯಲ್ಲಿ ಬಂದು ಬರೆದುಕೊಟ್ಟು ಹೋದರು.

ಕನ್ನಡದ ಟೀಚರ್ ಈ ಸಲ ಬೇಸಗೆ ರಜೆಯಲ್ಲಿ ಸುತ್ತಿದ ಮನೆಗಳ ಪಟ್ಟಿಯನ್ನು ಒಂದು ಹಳೆಯ ಡೈರಿಯಲ್ಲಿ ಬರೆದಿಟ್ಟಿದ್ದಾರೆ. ಏಪ್ರಿಲ್‌ನ ಉರಿಬಿಸಿಲಿನಲ್ಲಿ ಕೊಡೆ ಹಿಡಿದು, ಮಲೆಯಾಳದ ಟೀಚರನ್ನೂ ಜೊತೆಗೆ ಕರೆದುಕೊಂಡು ಹೋಗುತ್ತಾರಂತೆ. ಮನೆಯವರು ಯಾವ ಭಾಷೆಯಲ್ಲಿ ಬಾಗಿಲು ತೆರೆಯುತ್ತಾರೋ ಹೇಳಲಿಕ್ಕಾಗುವುದಿಲ್ಲವಲ್ಲ. ನಾನು ಹೊರಡುವ ಹೊತ್ತಿಗೆ ಅವರು ಡೈರಿಯ ಹೊಸ ಪುಟದಲ್ಲಿ ಈಗ ಏಳನೆಯಲ್ಲಿರುವ ಮಕ್ಕಳ ಹೆಸರನ್ನು ಬರೆಯತೊಡಗಿದ್ದರು. ಹದಿನೇಳರವರೆಗೆ ಬಂದಿತ್ತು.